ಒತ್ತಿದ್ದನ್ನು ಹೇಳುವ ಪರದೆ, ಬಂದದ್ದನ್ನು ಹೇಳುವ ಪರದೆ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ಹಾಲ್ 12 ಅಡಿಗೆ 16 ಅಡಿ. ಟಿವಿ ಇರುವ ಗೋಡೆಗೂ ಅತ್ತೆಯವರು ಕೂರುವ ದಿವಾನಕ್ಕೂ ನಡುವೆ 11 ಅಡಿ ದೂರ. ಈ 11 ಅಡಿಯನ್ನು ಟೇಪು ಹಿಡಿದು ಅಳೆದದ್ದು ಸ್ಪೀಕರ್ ಜೋಡಿಸಲು ಅಲ್ಲ. ಯಾವ ಯಂತ್ರದ ಮುಖದ ಮೇಲಿನ ಬರಹ ಅಷ್ಟು ದೂರದಿಂದ ಅವರ ಕಣ್ಣಿಗೆ ಕಾಣುತ್ತದೆ ಎಂದು ನನಗೆ ತಿಳಿಯಬೇಕಾಗಿತ್ತು. ಅವರಿಗೆ 76 ವರ್ಷ. ಒಂದು ಕಣ್ಣಿಗೆ ಪೊರೆ ಶಸ್ತ್ರಚಿಕಿತ್ಸೆ ಆಗಿದೆ, ಇನ್ನೊಂದಕ್ಕೆ ಆಗಬೇಕು. ಹಗಲು ಹೊತ್ತು ನಾವೆಲ್ಲ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಮನೆಯಲ್ಲಿ ಅವರ ಜೊತೆಗಿರುವುದು ಆಕಾಶವಾಣಿ ಮತ್ತು ಟಿವಿಯ ಧ್ವನಿ ಮಾತ್ರ. ಆ ಧ್ವನಿ ನಿಂತುಹೋದರೆ ಅದು ಏಕೆ ನಿಂತಿತೆಂದು ಅವರು ಒಬ್ಬರೇ ಕಂಡುಕೊಳ್ಳುವಂತಿರಬೇಕು. ನನ್ನ ಹೋಲಿಕೆ ಹುಟ್ಟಿದ್ದು ಈ ಅಗತ್ಯದಿಂದ.

ಏಪ್ರಿಲ್‌ನಿಂದ ಜುಲೈವರೆಗೆ ಮೂರು ವ್ಯವಸ್ಥೆಗಳನ್ನು ಒಂದಾದ ಮೇಲೊಂದರಂತೆ ಇದೇ ಹಾಲ್‌ನಲ್ಲಿ ಇಟ್ಟು ಬಳಸಿದೆವು. ಮೊದಲನೆಯದು ನಮ್ಮದೇ ಹಳೆಯ 5.1 ಸ್ಪೀಕರ್ ಸೆಟ್, ಅಂದರೆ ಐದು ಸ್ಪೀಕರ್ ಮತ್ತು ಕೆಳಧ್ವನಿಗೆಂದೇ ಇರುವ ಒಂದು ಸಬ್‌ವೂಫರ್. ಆರು ವರ್ಷಗಳಿಂದ ಮನೆಯಲ್ಲಿದೆ, ದೊಡ್ಡ ಸಬ್‌ವೂಫರ್ ಪೆಟ್ಟಿಗೆಯ ಮುಖದಲ್ಲೇ ಗುಂಡಿಗಳೂ ಕೆಂಪು ಅಂಕಿಗಳೂ ಇವೆ. ಎರಡನೆಯದು ವಿಜಯನಗರದಲ್ಲಿರುವ ಭಾವನವರು ಒಂದು ತಿಂಗಳಿಗೆಂದು ಕೊಟ್ಟ ಸೌಂಡ್‌ಬಾರ್, ಟಿವಿಯ ಮುಂದೆ ಇಡುವ ಉದ್ದನೆಯ ಸ್ಪೀಕರ್ ಪಟ್ಟಿ. ಮೂರನೆಯದು ನನ್ನ ಸಹೋದ್ಯೋಗಿಯೊಬ್ಬರು ವರ್ಗವಾಗಿ ಹೋಗುವಾಗ ಕಡಿಮೆ ಬೆಲೆಗೆ ಬಿಟ್ಟುಕೊಟ್ಟ ಎವಿ ರಿಸೀವರ್ (ಹಲವು ಮೂಲಗಳ ಧ್ವನಿಯನ್ನು ತೆಗೆದುಕೊಂಡು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ), ಅದರ ಜೊತೆಗೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್. ಕಂಪನಿಗಳ ಹೆಸರು ಇಲ್ಲಿ ಮುಖ್ಯವಲ್ಲ. ಒಂದೇ ಜಾತಿಯ ಯಂತ್ರಗಳಲ್ಲಿ ಪರದೆಯೂ ಗುಂಡಿಗಳೂ ಬಹುಮಟ್ಟಿಗೆ ಒಂದೇ ರೀತಿ ಇರುತ್ತವೆ.

ಯಾವುದರ ಬಾಸ್ ಹೆಚ್ಚು, ಯಾವುದರ ನಾದ ಇಂಪು ಎಂದು ನಾನು ತೂಗಿಲ್ಲ. ನಾನು ನೋಡಿದ್ದು ಇಷ್ಟು: ಯಂತ್ರ ಈಗ ಯಾವ ಮೂಲದಿಂದ ಧ್ವನಿ ತೆಗೆದುಕೊಳ್ಳುತ್ತಿದೆ, ಎಷ್ಟು ಜೋರಾಗಿ ನುಡಿಸುತ್ತಿದೆ, ಬಂದ ಧ್ವನಿಯನ್ನು ಏನು ಮಾಡುತ್ತಿದೆ. ಈ ಮೂರನ್ನು ಅದು ನಮಗೆ ಹೇಗೆ ತಿಳಿಸುತ್ತದೆ, ತಿಳಿಸುವುದು ನಿಜವೇ ಎಂಬುದು.

ಹಳೆಯ ಸೆಟ್‌ನಿಂದ ಶುರು ಮಾಡುತ್ತೇನೆ. ಅದರ ಅಂಕಿಗಳು ಒಂದು ಅಂಗುಲ ಎತ್ತರ, ಕೆಂಪು ಬಣ್ಣ. ದಿವಾನದಿಂದ ಇರಲಿ, ಅಡುಗೆಮನೆಯ ಬಾಗಿಲಿನಿಂದಲೂ ಓದಬಹುದು. ಎಫ್ಎಂ ಗುಂಡಿ ಒತ್ತಿದರೆ 100.6 ಎಂದು ಬರುತ್ತದೆ, ಮೈಸೂರು ಆಕಾಶವಾಣಿ. ಅತ್ತೆಯವರಿಗೆ ಇಂಗ್ಲಿಷ್ ಓದಲು ಅಷ್ಟು ಬರುವುದಿಲ್ಲ, ಆದರೆ ಅಂಕಿ ಯಾವ ಭಾಷೆಯದೂ ಅಲ್ಲ. ಆ ನಾಲ್ಕು ಅಂಕಿಗಳನ್ನು ಕಂಡರೆ ಅವರಿಗೆ ನೆಮ್ಮದಿ. ಈ ಒಂದು ವಿಷಯದಲ್ಲಿ ಹಳೆಯ ಸೆಟ್ಟನ್ನು ಮಿಕ್ಕ ಎರಡೂ ಮುಟ್ಟಲಾರವು. ನಾನಿದನ್ನು ಮನಃಪೂರ್ವಕ ಒಪ್ಪುತ್ತೇನೆ.

ತೊಡಕು ಇರುವುದು ಅಕ್ಷರಗಳಲ್ಲಿ. ಇಂಥ ಪರದೆಯಲ್ಲಿ ಪ್ರತಿ ಅಂಕಿಯೂ ಏಳು ಕಡ್ಡಿಗಳಿಂದ ಆದದ್ದು. ಏಳು ಕಡ್ಡಿಗಳಲ್ಲಿ 0ಯಿಂದ 9ರವರೆಗೆ ಚೆನ್ನಾಗಿ ಬರೆಯಬಹುದು, ಇಂಗ್ಲಿಷ್ ಅಕ್ಷರಗಳನ್ನೆಲ್ಲ ಬರೆಯಲಾಗುವುದಿಲ್ಲ. ಎಂ, ಕೆ, ಡಬ್ಲ್ಯೂ ಬರುವುದೇ ಇಲ್ಲ. ಎಸ್ ಮತ್ತು 5 ಒಂದೇ ಆಕಾರ. ಹಾಗಾಗಿ ಯುಎಸ್‌ಬಿ ಎಂಬುದು ಯು, ಐದು, ಚಿಕ್ಕ ಬಿ ಆಗಿ ಕಾಣುತ್ತದೆ. ಬ್ಲೂಟೂತ್‌ಗೆ ಚಿಕ್ಕ ಬಿ ಮತ್ತು ಚಿಕ್ಕ ಟಿ. ನಮ್ಮ ಸೆಟ್‌ನಲ್ಲಿ ಟಿವಿಯ ತಂತಿ ಸೇರಿರುವುದು ಆಕ್ಸ್ ಎಂಬ ಕಿಂಡಿಗೆ. ಎಕ್ಸ್ ಅಕ್ಷರವೂ ಏಳು ಕಡ್ಡಿಗೆ ಬಾರದು. ಅದರ ಜಾಗದಲ್ಲಿ ಎಚ್‌ನಂತೆ ಏನೋ ಕಾಣುತ್ತದೆ. ಅತ್ತೆಯವರು ಅದನ್ನು ಒಂದು ಚಿತ್ರದಂತೆ ನೆನಪಿಟ್ಟುಕೊಂಡಿದ್ದರು. "ಆ ಕೊನೆಯಲ್ಲಿ ಏಣಿ ಇರುತ್ತಲ್ಲಮ್ಮ, ಅದು ಬಂದರೆ ಟಿವಿ" ಎನ್ನುತ್ತಿದ್ದರು. ಆ ಮಾತು ಕೇಳಿದಾಗಿನಿಂದ ನನಗೂ ಅದು ಏಣಿಯಂತೆಯೇ ಕಾಣುತ್ತದೆ.

ವಾಲ್ಯೂಮ್ 0ಯಿಂದ 60ರವರೆಗೆ. ಈ 60 ಯಾವ ಅಳತೆಯದು ಎಂದು ಜೊತೆಗೆ ಬಂದ ಹಾಳೆಯಲ್ಲಿ ಒಂದು ಮಾತೂ ಇಲ್ಲ. 15ರವರೆಗೆ ಪಿಸುಮಾತು, 25ಕ್ಕೆ ಸಾಧಾರಣ, 35 ದಾಟಿದರೆ ಪಕ್ಕದ ಮನೆಯವರಿಗೂ ವಾರ್ತೆ ಕೇಳಿಸುತ್ತದೆ. ತಿರುಗುಗುಂಡಿಗೆ ಕೊನೆ ಎಂಬುದಿಲ್ಲ. ಎಷ್ಟು ಬೇಕಾದರೂ ಸುತ್ತುತ್ತದೆ. ಹಳೆಯ ರೇಡಿಯೊಗಳಲ್ಲಿ ಗುಂಡಿ ಎಡಕ್ಕೆ ಪೂರ್ತಿ ಹೋಗಿ ನಿಲ್ಲುತ್ತಿತ್ತು, ಆದ್ದರಿಂದ ಧ್ವನಿ ಎಷ್ಟಿದೆ ಎಂದು ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತಿತ್ತು. ಸುತ್ತುವ ಗುಂಡಿಯಲ್ಲಿ ಆ ತಿಳಿವಳಿಕೆಯೆಲ್ಲ ಪರದೆಯ ಪಾಲಾಗಿದೆ. ಬಾಸ್ ಮತ್ತು ಟ್ರೆಬಲ್‌ಗೂ ಇದೇ ಗುಂಡಿ: ಒಂದು ಸಲ ಒತ್ತಿದರೆ ಬಾಸ್, ಎರಡು ಸಲ ಒತ್ತಿದರೆ ಟ್ರೆಬಲ್, ನಾಲ್ಕು ಸೆಕೆಂಡು ಸುಮ್ಮನಿದ್ದರೆ ಮತ್ತೆ ವಾಲ್ಯೂಮ್. ಆ ನಾಲ್ಕು ಸೆಕೆಂಡಿನೊಳಗೆ ಕೈ ಹಾಕಿದವರು ಧ್ವನಿ ತಗ್ಗಿಸಲು ಹೋಗಿ ಬಾಸ್ ತಗ್ಗಿಸಿರುತ್ತಾರೆ.

ಇನ್ನು ಸೌಂಡ್‌ಬಾರ್. ಮೊದಲ ದಿನ ಅದನ್ನು ಕಂಡು ನನಗೆ ಬಹಳ ಸಂತೋಷವಾಗಿತ್ತು. ಟಿವಿಯಿಂದ ಒಂದೇ ಎಚ್‌ಡಿಎಂಐ ತಂತಿ, ಗೋಡೆಯಿಂದ ಒಂದು ಕರೆಂಟ್ ತಂತಿ, ಅಷ್ಟೇ. ಟಿವಿ ಹಾಕಿದರೆ ತಾನೂ ಎದ್ದುಕೊಳ್ಳುತ್ತದೆ, ಟಿವಿ ಆರಿಸಿದರೆ ತಾನೂ ಮಲಗುತ್ತದೆ. ಒಂದೇ ತಂತಿಯಲ್ಲಿ ಧ್ವನಿ ಬರುವುದು ಎಆರ್‌ಸಿ ಎಂಬ ಸೌಲಭ್ಯದಿಂದ. 2009ರಲ್ಲಿ ಬಂದ ಎಚ್‌ಡಿಎಂಐ 1.4 ಆವೃತ್ತಿಯಲ್ಲಿ ಸೇರಿದ್ದು. ಟಿವಿಗೆ ಚಿತ್ರ ಹೋಗುವ ತಂತಿಯಲ್ಲೇ ಧ್ವನಿ ಹಿಂತಿರುಗಿ ಬರುತ್ತದೆ. ಆದರೆ ಟಿವಿಯ ಹಿಂದಿರುವ ಎಲ್ಲ ಕಿಂಡಿಗಳಲ್ಲೂ ಇದು ಆಗುವುದಿಲ್ಲ. ಎಆರ್‌ಸಿ ಅಥವಾ ಅದರ ಮುಂದಿನ ರೂಪವಾದ ಇಎಆರ್‌ಸಿ ಎಂದು ಬರೆದ ಕಿಂಡಿಗೇ ತಂತಿ ಸಿಕ್ಕಿಸಬೇಕು. ನಾನು ಮೊದಲು ಪಕ್ಕದ ಕಿಂಡಿಗೆ ಸಿಕ್ಕಿಸಿದ್ದೆ, ಅರ್ಧ ಗಂಟೆ ಸದ್ದೇ ಇರಲಿಲ್ಲ. ಜೊತೆಗೆ ಟಿವಿಯ ಮೆನುವಿನಲ್ಲಿ ಯಂತ್ರಗಳು ಒಂದನ್ನೊಂದು ನಿಯಂತ್ರಿಸುವ ಅನುಮತಿಯನ್ನೂ ಕೊಡಬೇಕು, ಒಟ್ಟಿಗೆ ಏಳುವುದೂ ಮಲಗುವುದೂ ಅದರಿಂದಲೇ. ಅದರ ನಿಜವಾದ ಹೆಸರು ಸಿಇಸಿ. ಒಬ್ಬೊಬ್ಬ ತಯಾರಕರು ಒಂದೊಂದು ಹೆಸರಿಟ್ಟಿದ್ದಾರೆ: ಸೋನಿಯಲ್ಲಿ ಬ್ರಾವಿಯಾ ಸಿಂಕ್, ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್ಲಿಂಕ್. ಇದು ಗೊತ್ತಿಲ್ಲದೆ ಸಿಇಸಿ ಎಂದು ಹುಡುಕುತ್ತಾ ಹೋದರೆ ಮೆನುವಿನಲ್ಲಿ ಅದು ಸಿಗದಿರಬಹುದು.

ಎಲ್ಲವೂ ಕೂಡಿಬಂದರೆ ಸೌಂಡ್‌ಬಾರ್‌ಗೆ ಪರದೆಯೇ ಬೇಡ, ಟಿವಿಯೇ ಅದರ ಪರದೆ. ವಾಲ್ಯೂಮ್ ಏರಿಸಿದರೆ 43 ಅಂಗುಲದ ಪರದೆಯ ಮೂಲೆಯಲ್ಲಿ ದೊಡ್ಡದಾಗಿ ಅಂಕಿ ಬರುತ್ತದೆ. ನಮ್ಮ ಆಂಡ್ರಾಯ್ಡ್ ಟಿವಿಯ ಭಾಷೆಯನ್ನು ಕನ್ನಡಕ್ಕೆ ಬದಲಿಸಿದ್ದರಿಂದ ಮೆನುವೂ ಕನ್ನಡದಲ್ಲಿ. ಮೊದಲ ಎರಡು ವಾರ ಅತ್ತೆಯವರು ಯಾರನ್ನೂ ಏನನ್ನೂ ಕೇಳಲಿಲ್ಲ. ಬರೀ ಟಿವಿ ನೋಡುವ ಮನೆಗೆ ಇದಕ್ಕಿಂತ ಸುಲಭವಾದದ್ದು ನನಗೆ ಕಾಣಲಿಲ್ಲ.

ಕಷ್ಟ ಬಂದದ್ದು ಟಿವಿ ಆರಿಸಿದಾಗ. ಆಗ ಸೌಂಡ್‌ಬಾರ್‌ಗೆ ಮುಖವೇ ಇಲ್ಲ. ಮಧ್ಯದಲ್ಲಿ ಸಾಸಿವೆ ಗಾತ್ರದ ಐದು ದೀಪಗಳು, ಅವೂ ಐದು ಸೆಕೆಂಡಿಗೆ ಆರಿಹೋಗುತ್ತವೆ. ಬಿಳಿ ಎಂದರೆ ಟಿವಿ, ನೀಲಿ ಎಂದರೆ ಬ್ಲೂಟೂತ್, ಹಸಿರು ಎಂದರೆ ಆಕ್ಸ್, ಹಳದಿ ಎಂದರೆ ಆಪ್ಟಿಕಲ್ (ಬೆಳಕಿನ ತಂತಿಯ ಕಿಂಡಿ). ನೀಲಿ ಬೇಗ ಬೇಗ ಮಿನುಗಿದರೆ ಮೊಬೈಲನ್ನು ಹುಡುಕುತ್ತಿದೆ, ಸ್ಥಿರವಾಗಿದ್ದರೆ ಸಿಕ್ಕಿದೆ. ವಾಲ್ಯೂಮ್ ಬದಲಿಸುವಾಗ ಇವೇ ದೀಪಗಳು ಎಡದಿಂದ ಬಲಕ್ಕೆ ತುಂಬುತ್ತವೆ. ಜೋರು ಸದ್ದನ್ನು ತಗ್ಗಿಸುವ ರಾತ್ರಿ ಕ್ರಮ ಹಾಕಿದರೆ ಎರಡು ಸಲ ಮಿನುಗುತ್ತದೆ, ತೆಗೆದರೆ ಒಂದು ಸಲ. ಐದು ದೀಪಗಳಿಗೆ ಇಷ್ಟು ಹೊರೆ! ಈ ಬಣ್ಣಗಳ ಅರ್ಥ ಎಲ್ಲ ಕಂಪನಿಗಳಿಗೂ ಒಂದೇ ಅಲ್ಲ. ನೀಲಿ ಬ್ಲೂಟೂತ್ ಎಂಬುದೊಂದು ಹೆಚ್ಚುಕಡಿಮೆ ಎಲ್ಲೆಡೆ ನಡೆಯುತ್ತದೆ, ಮಿಕ್ಕದ್ದಕ್ಕೆ ಕೈಪಿಡಿಯೇ ಗತಿ. ನಮ್ಮ ಮನೆಯವರಿಗೆ ಹಸಿರು ಮತ್ತು ಹಳದಿಯ ವ್ಯತ್ಯಾಸ ಚೆನ್ನಾಗಿ ತಿಳಿಯುವುದಿಲ್ಲ. ಬಣ್ಣಗಳನ್ನು ಗುರುತಿಸುವ ಈ ತೊಂದರೆ ಹೆಂಗಸರಿಗಿಂತ ಗಂಡಸರಲ್ಲಿ ಬಹಳ ಹೆಚ್ಚು. ಪ್ರತಿ ದೀಪದ ಕೆಳಗೆ ಒಂದು ಅಕ್ಷರ ಅಚ್ಚು ಹಾಕಿದ್ದರೆ ಇವರಂಥವರಿಗೆಲ್ಲ ಅನುಕೂಲವಾಗುತ್ತಿತ್ತು. ಅಚ್ಚಿಗೆ ಆಗುವ ಖರ್ಚಾದರೂ ಎಷ್ಟು?

ಮೇಲ್ಭಾಗದ ಗುಂಡಿಗಳು ನುಣುಪಾದ ಸ್ಪರ್ಶದ ಗುಂಡಿಗಳು, ಬೆರಳಿಗೆ ಉಬ್ಬು ತಗ್ಗು ಏನೂ ಸಿಗುವುದಿಲ್ಲ. ಪ್ಲಸ್ ಗುಂಡಿಯ ಮೇಲೆ ಒಂದು ಹಣೆಬೊಟ್ಟಿನ ಸ್ಟಿಕ್ಕರ್ ಅಂಟಿಸಿದೆ, ಕರೆಂಟ್ ಗುಂಡಿಯ ಮೇಲೆ ದೊಡ್ಡ ಬೊಟ್ಟು. ಅದರ ಮೇಲೆ ಬೆರಳಿಟ್ಟು ಎಡಕ್ಕೆ ಸರಿದರೆ ಮೈನಸ್. ಈ ಉಪಾಯ ಇಂದಿಗೂ ನನಗೆ ಮೆಚ್ಚುಗೆ. ಯಾವ ಯಂತ್ರಕ್ಕಾದರೂ ಮಾಡಬಹುದು. ಸೌಂಡ್‌ಬಾರನ್ನು ಟಿವಿಯ ಎದುರಿಗೆ ಇಡುವಾಗ ಇನ್ನೊಂದು ಎಚ್ಚರ ಬೇಕು: ಟಿವಿಯ ಕೆಳಗಿನ ಅಂಚಿನಲ್ಲಿರುವ ರಿಮೋಟ್ ಕಣ್ಣನ್ನು ಅದು ಮುಚ್ಚಬಾರದು. ರಿಮೋಟ್ ಕೆಲಸ ಮಾಡುತ್ತಿಲ್ಲ ಎಂದು ಸೆಲ್ ಬದಲಿಸುವ ಮೊದಲು ಮೊಬೈಲಿನ ಸೆಲ್ಫಿ ಕ್ಯಾಮೆರಾದ ಮುಂದೆ ಅದರ ಗುಂಡಿ ಒತ್ತಿ ನೋಡಿ. ಬರಿಗಣ್ಣಿಗೆ ಕಾಣದ ಅವಗೆಂಪು ಬೆಳಕು ಬಹುತೇಕ ಕ್ಯಾಮೆರಾಗಳಲ್ಲಿ ನೇರಳೆಯಾಗಿ ಮಿನುಗುತ್ತದೆ. ಮಿನುಗಿದರೆ ರಿಮೋಟ್ ಸರಿಯಾಗಿದೆ, ದಾರಿಯಲ್ಲಿ ಏನೋ ಅಡ್ಡ ಇದೆ.

ಆಕಾಶವಾಣಿಯ ವಿಷಯಕ್ಕೆ ಬಂದರೆ ಈ ಸೌಂಡ್‌ಬಾರಿನಲ್ಲಿ ಎಫ್ಎಂ ಇಲ್ಲ. ಮೊಬೈಲಿನ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಕೇಂದ್ರ ಹುಡುಕಿ ಬ್ಲೂಟೂತ್ ಮೂಲಕ ಕಳಿಸಬೇಕು. ಅಂತರಜಾಲದ ಮೂಲಕ ಬರುವುದರಿಂದ ಪಕ್ಕದ ಮನೆಯ ರೇಡಿಯೊಗಿಂತ ಹಲವು ಸೆಕೆಂಡು ಹಿಂದೆ ಇರುತ್ತದೆ. ಬಾನುಲಿ ಕೇಂದ್ರಕ್ಕೆ ಆಕಾಶವಾಣಿ ಎಂಬ ಹೆಸರು ಕೂಡಿಬಂದದ್ದೇ ನಮ್ಮ ಊರಿನಲ್ಲಿ, ಮಹಾರಾಜ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಆರಂಭಿಸಿದ ಕೇಂದ್ರದಿಂದ. ಅದೇ ಊರಿನ ಒಂದು ಮನೆಯಲ್ಲಿ ಆಕಾಶವಾಣಿ ಕೇಳಲು ಎರಡು ಯಂತ್ರಗಳು ಬೇಕಾಗುವುದನ್ನು ನನ್ನ ಮನಸ್ಸು ಒಪ್ಪಲಿಲ್ಲ.

ಜೂನ್ ಮೊದಲ ವಾರ ರಿಸೀವರ್ ಬಂತು. ಹತ್ತು ಕಿಲೋಗಿಂತ ಹೆಚ್ಚು ತೂಕ, ಮೇಲೆ ಗಾಳಿಯಾಡಲು ಜಾಗ ಬೇಕು, ಹಿಂದೆ ಒಂದು ಕಾಡಿನಷ್ಟು ಕಿಂಡಿಗಳು. ಮುಂದೆ ಎರಡು ದೊಡ್ಡ ತಿರುಗುಗುಂಡಿಗಳು: ಎಡಗಡೆಯದು ಮೂಲ ಆರಿಸಲು, ಬಲಗಡೆಯದು ವಾಲ್ಯೂಮ್. ನಡುವೆ ಕಪ್ಪು ಗಾಜಿನ ಹಿಂದೆ ನೀಲಿ ಹಸಿರು ಅಕ್ಷರಗಳ ಪರದೆ. ನಾನು ತುಂಬಾ ಹೊತ್ತು ಬರೆಯಬೇಕೆಂದಿರುವುದು ಈ ಪರದೆಯ ಬಗ್ಗೆಯೇ.

ಮೊದಲ ಆಶ್ಚರ್ಯ ವಾಲ್ಯೂಮ್. ಹಾಕಿದ ಕೂಡಲೇ ಕಂಡದ್ದು ಮೈನಸ್ 42.0 ಡಿಬಿ. ಅತ್ತೆಯವರು ನನ್ನ ಮಗಳನ್ನು ಓದಿಹೇಳುವಂತೆ ಕೇಳಿ, "ಕಳೆಯುವ ಲೆಕ್ಕ ಏಕೆ? ಧ್ವನಿ ಸಾಲದಲ್ಲಿದೆಯೇ?" ಎಂದರು. ಒಳ್ಳೆಯ ಪ್ರಶ್ನೆ. ಉತ್ತರ ಹೀಗಿದೆ: ಇಲ್ಲಿ 0 ಎಂದರೆ ಮೌನವಲ್ಲ. ಚಲನಚಿತ್ರದ ಧ್ವನಿಯನ್ನು ಮಿಶ್ರಣ ಮಾಡುವ ಸಭಾಂಗಣದಲ್ಲಿ ಇಟ್ಟುಕೊಳ್ಳುವ ಜೋರಿನ ಮಟ್ಟವೇ 0. ಮೈನಸ್ 42 ಎಂದರೆ ಅದಕ್ಕಿಂತ 42 ಡೆಸಿಬೆಲ್ ಕೆಳಗೆ ಇದ್ದೇವೆ ಎಂದು. ಕನ್ನಂಬಾಡಿಯ ನೀರು ಇಷ್ಟು ಅಡಿಗೆ ಬಂದರೆ ಕಟ್ಟೆ ತುಂಬಿತು ಎಂದು ಗೊತ್ತಿರುವವರಿಗೆ, ತುಂಬಲು ಇನ್ನೆಷ್ಟು ಅಡಿ ಬಾಕಿ ಎಂಬ ಮಾತು ಹೇಗೆ ಸಹಜವೋ ಹಾಗೆ. ಹೀಗೆ ಹೇಳಿದ ಮೇಲೆ ಅತ್ತೆಯವರಿಗೆ ಅದು ಮತ್ತೆಂದೂ ವಿಚಿತ್ರ ಎನಿಸಲಿಲ್ಲ. ಮಂಡ್ಯ ಜಿಲ್ಲೆಯ ಪಾಂಡವಪುರದ ಕಡೆಯವರು ಅವರು. ಕಟ್ಟೆಯ ಮಟ್ಟ ಅವರಿಗೆ ಬಾಲ್ಯದಿಂದ ಬಂದ ಭಾಷೆ.

ಈ ಅಂಕಿ ಹಳೆಯ ಸೆಟ್‌ನ 60ರ ಹಾಗೆ ಬರೀ ಮೆಟ್ಟಿಲ ಎಣಿಕೆಯಲ್ಲ, ಅದಕ್ಕೊಂದು ಅರ್ಥವಿದೆ. 10 ಡೆಸಿಬೆಲ್ ಏರಿಸಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಎನಿಸುತ್ತದೆ. ಆದರೆ ಅದಕ್ಕೆ ಸ್ಪೀಕರ್‌ಗೆ ಕೊಡಬೇಕಾದ ಶಕ್ತಿ ಹತ್ತು ಪಟ್ಟು. ಮೈನಸ್ 30ರಲ್ಲಿ 1 ವ್ಯಾಟ್ ಸಾಕಾಗುತ್ತಿದ್ದರೆ ಮೈನಸ್ 20ಕ್ಕೆ 10 ವ್ಯಾಟ್, ಮೈನಸ್ 10ಕ್ಕೆ 100 ವ್ಯಾಟ್. ಮಕ್ಕಳು "ಇನ್ನು ಸ್ವಲ್ಪ" ಎಂದು ಗುಂಡಿ ತಿರುಗಿಸುವುದು ಏಕೆ ಅಪಾಯ ಎಂದು ಇದರಿಂದ ತಿಳಿಯುತ್ತದೆ. ನಮ್ಮ ಹಾಲ್‌ಗೆ ವಾರ್ತೆಗೆ ಮೈನಸ್ 38, ಸಿನಿಮಾಗೆ ಮೈನಸ್ 30 ಸಾಕು. ಮೆನುವಿನಲ್ಲಿ ಹುಡುಕಿದರೆ ಗರಿಷ್ಠ ಮಿತಿ ಇಡುವ ಸೌಲಭ್ಯ ಸಿಗುತ್ತದೆ. ಮೈನಸ್ 20ಕ್ಕೆ ಬೇಲಿ ಹಾಕಿದ್ದೇನೆ. ಕಳೆಯುವ ಚಿಹ್ನೆ ಇಷ್ಟವಿಲ್ಲದವರು ಅಳತೆಯನ್ನು 0ಯಿಂದ 98ಕ್ಕೆ ಬದಲಿಸಿಕೊಳ್ಳಬಹುದು. ನಮ್ಮ ಯಂತ್ರದಲ್ಲಿ ಆಗ 80 ಎಂಬುದು ಹಳೆಯ 0. ನಾನು ಬದಲಿಸಿ ಮೂರು ದಿನ ನೋಡಿ ಮತ್ತೆ ಮೊದಲಿನದಕ್ಕೇ ಬಂದೆ.

ಎರಡನೆಯ ಆಶ್ಚರ್ಯ ಇದಕ್ಕಿಂತ ದೊಡ್ಡದು. ಪರದೆಯ ಎಡಗಡೆ ಚಿಕ್ಕ ಚಿಕ್ಕ ಚೌಕಗಳಿವೆ: ಎಲ್, ಸಿ, ಆರ್, ಕೆಳಗೆ ಎಸ್ಎಲ್, ಎಸ್ಆರ್, ಮತ್ತು ಎಲ್ಎಫ್ಇ. ಎಡ, ನಡು, ಬಲ, ಹಿಂದಿನ ಎರಡು, ಕೊನೆಯದು ಗುಡುಗಿನ ಕೆಳಧ್ವನಿಗೆ. ಒಳಗೆ ಬರುತ್ತಿರುವ ಧ್ವನಿಯಲ್ಲಿ ಯಾವ ಯಾವ ವಾಹಿನಿಗಳು (ಒಂದೊಂದು ಸ್ಪೀಕರ್‌ಗೆಂದು ಬೇರೆಯಾಗಿ ಬರುವ ಧ್ವನಿಗಳು) ಇವೆಯೋ ಅವು ಮಾತ್ರ ಬೆಳಗುತ್ತವೆ. ಮೊದಲ ಸಂಜೆ ಸಿನಿಮಾ ಹಾಕಿದೆವು. ಬೆಳಗಿದ್ದು ಎಲ್ ಮತ್ತು ಆರ್ ಎರಡೇ. ಪಕ್ಕದಲ್ಲಿ ಪಿಸಿಎಂ ಎಂದಿತ್ತು, ನಮ್ಮ ಟಿವಿ ಎರಡೇ ವಾಹಿನಿಯಾಗಿ ಧ್ವನಿ ಕಳಿಸುವ ಬಗೆ ಅದು. ತಂತಿ ನೋಡಿದೆ, ಸ್ಪೀಕರ್ ನೋಡಿದೆ, ಎಲ್ಲ ಸರಿ. ಕೊನೆಗೆ ಟಿವಿಯ ಧ್ವನಿ ಮೆನುವಿಗೆ ಹೋದರೆ ಡಿಜಿಟಲ್ ಔಟ್‌ಪುಟ್ ಪಿಸಿಎಂ ಎಂದು ಕೂತಿತ್ತು. ಅದನ್ನು ಆಟೊ ಎಂದು ಬದಲಿಸಿದ ಕ್ಷಣ ರಿಸೀವರ್ ಪರದೆಯಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ (ಹಲವು ವಾಹಿನಿಗಳನ್ನು ಒಟ್ಟಿಗೆ ಕಳಿಸುವ ಬಗೆ) ಎಂದು ಬಂದು ಆರೂ ಚೌಕಗಳು ಬೆಳಗಿದವು. ನಡುವಿನ ಸ್ಪೀಕರ್‌ನಿಂದ ಮಾತು ಸ್ವಚ್ಛವಾಗಿ ಹೊರಬಂತು. "ಈಗ ಮಾತು ತಿಳಿಯುತ್ತದೆ ನೋಡಮ್ಮ" ಎಂದರು ಅತ್ತೆ.

ಆಗ ನನಗೆ ಹಳೆಯ ಸೆಟ್ ನೆನಪಾಯಿತು. ಅದರ ರಿಮೋಟ್‌ನಲ್ಲಿ 5.1 ಎಂಬ ಗುಂಡಿ ಇದೆ. ಒತ್ತಿದರೆ ಪರದೆಯ ಮೇಲೆ ಕೆಂಪಗೆ 5.1 ಎಂದು ಬರುತ್ತದೆ, ಐದೂ ಸ್ಪೀಕರ್‌ಗಳು ನುಡಿಯುತ್ತವೆ. ಆದರೆ ಅದಕ್ಕೆ ಟಿವಿಯಿಂದ ಹೋಗುತ್ತಿದ್ದದ್ದು ಹೆಡ್‌ಫೋನ್ ಕಿಂಡಿಯ ಎರಡು ವಾಹಿನಿ ಮಾತ್ರ! ಆ ಎರಡನ್ನೇ ಅದು ಐದಕ್ಕೂ ಹಂಚುತ್ತಿತ್ತು. ಇದರಲ್ಲಿ ವಂಚನೆ ಇದೆ ಎಂದು ನಾನು ಹೇಳುವುದಿಲ್ಲ; ಅಷ್ಟು ಬೆಲೆಗೆ ಅದು ಅಷ್ಟೇ ಮಾಡಬಲ್ಲದು. ಆದರೆ ಆ ಪರದೆ ಹೇಳುತ್ತಿದ್ದದ್ದು ನಾವು ಒತ್ತಿದ ಗುಂಡಿಯನ್ನು, ಒಳಗೆ ಬಂದ ಧ್ವನಿಯನ್ನಲ್ಲ. ಆರು ವರ್ಷ ನಾವು ಅದನ್ನು ಧ್ವನಿಯ ಸುದ್ದಿ ಎಂದೇ ಓದಿದೆವು. ರಿಸೀವರ್‌ನ ಚೌಕಗಳು ಬಂದದ್ದನ್ನು ಹೇಳುತ್ತವೆ. ಮಾಲೆಯ ಬೆಲೆ ನನಗೆ ಗೊತ್ತಿಲ್ಲದಿದ್ದರೂ ಹೂವು ಎಷ್ಟಿದೆ ಎಂದು ಎಣಿಸಿ ಕೊಡುವ ದೇವರಾಜ ಮಾರುಕಟ್ಟೆಯ ಹೂವಿನವರ ಮೇಲೆ ಇರುವಂಥ ನಂಬಿಕೆ ನನಗೆ ಆ ಪರದೆಯ ಮೇಲೆ ಅಂದು ಬಂತು.

ಅತ್ತೆಯವರಿಗೆ ಇದನ್ನು ಹೇಳಿದಾಗ ಅವರು ತವರಿನ ವಾಲ್ವ್ ರೇಡಿಯೊವನ್ನು ನೆನೆದರು. ಅದರ ಮುಖದಲ್ಲಿ ಒಂದು ಹಸಿರು ಕಣ್ಣು ಇತ್ತಂತೆ. ಮುಳ್ಳು ತಿರುಗಿಸುತ್ತಾ ಹೋದಂತೆ ಕೇಂದ್ರ ಸರಿಯಾಗಿ ಸಿಕ್ಕಾಗ ಕಣ್ಣಿನ ಕಪ್ಪು ಸೀಳು ಕಿರಿದಾಗುತ್ತಿತ್ತು. ಮ್ಯಾಜಿಕ್ ಐ ಎನ್ನುತ್ತಿದ್ದ ಈ ವಾಲ್ವ್ ಬರುವ ತರಂಗದ ಬಲವನ್ನೇ ತೋರಿಸುತ್ತಿತ್ತು, ಅದೂ ಒಂದು ಅಕ್ಷರದ ಸಹಾಯವೂ ಇಲ್ಲದೆ. ರಿಸೀವರ್‌ನ ಎಫ್ಎಂನಲ್ಲಿ ಅದರ ಬದಲು ಟ್ಯೂನ್ಡ್ ಮತ್ತು ಸ್ಟೀರಿಯೊ ಎಂಬ ಎರಡು ಪದಗಳು ಬೆಳಗುತ್ತವೆ. ಜೊತೆಗೆ ಬಂದ ತಂತಿಯ ಆಂಟೆನಾವನ್ನು ಟಿವಿಯ ಹಿಂದೆ ಸುತ್ತಿ ಇಟ್ಟಿದ್ದಾಗ 100.6ಕ್ಕೆ ಟ್ಯೂನ್ಡ್ ಮಾತ್ರ ಬೆಳಗಿತು. ಬಿಡಿಸಿ ಕಿಟಕಿಯ ಮರಕ್ಕೆ ಅಂಟಿಸಿದ ಮೇಲೆ ಸ್ಟೀರಿಯೊ ಕೂಡ ಬೆಳಗಿ ಗೊರಗೊರ ನಿಂತಿತು. ಹಳೆಯ ಸೆಟ್‌ನಲ್ಲಾದರೋ ಕೇಂದ್ರ ಸಿಗಲಿ ಬಿಡಲಿ ಅಂಕಿ ಒಂದೇ.

ರಿಸೀವರ್‌ನ ಪರದೆಗೂ ಹೇಳಲಾಗದ್ದು ಇದೆ. ಒಂದು ಭಾನುವಾರ ಚೌಡಯ್ಯನವರ ಹಳೆಯ ಧ್ವನಿಮುದ್ರಣ ಹಾಕಿದ್ದೆವು. ನಮ್ಮ ತಿರುಮಕೂಡಲಿನವರು ಅವರು. ಧ್ವನಿವರ್ಧಕ ಎಲ್ಲೆಡೆ ಇಲ್ಲದ ಕಾಲದಲ್ಲಿ ಸಭೆಯ ಕೊನೆಯವರೆಗೂ ನಾದ ಮುಟ್ಟಲೆಂದು ಪಿಟೀಲಿಗೆ ಏಳು ತಂತಿ ಕಟ್ಟಿದವರು. ಪರದೆಯಲ್ಲಿ ಎಲ್ ಮತ್ತು ಆರ್ ಬೆಳಗಿದವು, ಧ್ವನಿ ಬಂದದ್ದು ಮಾತ್ರ ನಡುವಿನ ಸ್ಪೀಕರ್‌ನಿಂದ. ಮಗಳು ಮಿಕ್ಕವು ಕೆಟ್ಟಿವೆ ಎಂದುಕೊಂಡಳು. ಕಾರಣ ಹೀಗಿತ್ತು: ಆ ಕಾಲದ ಮುದ್ರಣ ಒಂದೇ ವಾಹಿನಿಯದು, ಈಗಿನ ಪ್ರತಿಯಲ್ಲಿ ಅದನ್ನೇ ಎಡಕ್ಕೂ ಬಲಕ್ಕೂ ಹಾಕಿರುತ್ತಾರೆ. ರಿಸೀವರ್ ಎರಡು ವಾಹಿನಿಯನ್ನು ಎಲ್ಲ ಸ್ಪೀಕರ್‌ಗಳಿಗೂ ಬಿಡಿಸಿ ಹಂಚುವ ಡಾಲ್ಬಿ ಸರೌಂಡ್ ಕ್ರಮದಲ್ಲಿದ್ದಾಗ ಎರಡರಲ್ಲೂ ಒಂದೇ ಇರುವುದನ್ನು ನಡುವಿನದೆಂದು ತಿಳಿದು ಅಲ್ಲಿಗೆ ಕಳಿಸುತ್ತದೆ. ಕ್ರಮವನ್ನು ಸ್ಟೀರಿಯೊಗೆ ಬದಲಿಸಿದರೆ ಎರಡೂ ಕಡೆ ನುಡಿಯುತ್ತದೆ. ಎರಡು ವಾಹಿನಿ ಬಂದಿವೆ ಎಂದು ಪರದೆ ಹೇಳಿತು, ಎರಡರಲ್ಲೂ ಇರುವುದು ಒಂದೇ ಎಂದು ಹೇಳಲಿಲ್ಲ. ಅಷ್ಟರಮಟ್ಟಿಗೆ ನಮ್ಮ ಕಿವಿಯೂ ದುಡಿಯಬೇಕು.

ಮೈಕ್ ಇಟ್ಟು ಕೋಣೆಯನ್ನು ಅಳೆಯುವ ಕೆಲಸವೂ ಇದೇ ಯಂತ್ರದಲ್ಲಿದೆ. ದಿವಾನದ ಮೇಲೆ ಅತ್ತೆಯವರ ಕಿವಿಯ ಎತ್ತರಕ್ಕೆ ಮೈಕ್ ಇಟ್ಟು, ಫ್ಯಾನ್ ಆರಿಸಿ, ಎಲ್ಲರೂ ಸುಮ್ಮನೆ ಕೂತೆವು. ಪ್ರತಿ ಸ್ಪೀಕರ್ ಒಂದೊಂದಾಗಿ ಸದ್ದು ಮಾಡಿತು. ಕೊನೆಗೆ ನಡುವಿನ ಸ್ಪೀಕರ್‌ಗೆ 3.4 ಮೀಟರ್ ಎಂದು ತೋರಿಸಿತು. ನನ್ನ ಟೇಪಿನ 11 ಅಡಿಯೂ ಅಷ್ಟೇ. ಸಬ್‌ವೂಫರ್‌ಗೆ ಮಾತ್ರ ನಿಜವಾದ ದೂರಕ್ಕಿಂತ ಒಂದೂವರೆ ಮೀಟರ್ ಹೆಚ್ಚು. ಅದು ತಪ್ಪಲ್ಲ. ಸಬ್‌ವೂಫರ್‌ನ ಒಳಗಿನ ವಿದ್ಯುನ್ಮಾನ ಭಾಗಗಳಲ್ಲಿ ಧ್ವನಿ ಸ್ವಲ್ಪ ತಡವಾಗುತ್ತದೆ. ಯಂತ್ರ ಆ ತಡವನ್ನೂ ದೂರವೆಂದೇ ಎಣಿಸಿರುತ್ತದೆ. ಅದನ್ನು ತಿದ್ದಬಾರದು.

ಈಗ ಕಷ್ಟದ ದಿನಗಳು. ಮಳೆ ಶುರುವಾದ ಮೇಲೆ ಕರೆಂಟ್ ಹೋಗಿ ಬರುವುದು ಸಾಮಾನ್ಯ. ಹಳೆಯ ಸೆಟ್ ಕರೆಂಟ್ ಬಂದೊಡನೆ ತಾನೇ ಎದ್ದು ಬ್ಲೂಟೂತ್‌ಗೆ ಹೋಗಿ ಕೂರುತ್ತದೆ. ಅತ್ತೆಯವರು ಏಣಿ ಬರುವವರೆಗೆ ಮೂಲದ ಗುಂಡಿ ಒತ್ತುತ್ತಾರೆ, ಸರಿಹೋಗುತ್ತದೆ. ಸೌಂಡ್‌ಬಾರ್ ಇದ್ದಾಗ ಎರಡು ಸಲ ಟಿವಿಗೂ ಅದಕ್ಕೂ ಮಾತು ತಪ್ಪಿ ಧ್ವನಿ ಟಿವಿಯ ಸ್ವಂತ ಸ್ಪೀಕರ್‌ಗೆ ಹೋಗಿತ್ತು. ಎಲ್ಲ ದೀಪ ಆರಿರುವ ಕರಿಯ ಪಟ್ಟಿಯನ್ನು ನೋಡಿ ಅವರು ಏನು ತಿಳಿಯಬೇಕು? ಎರಡನ್ನೂ ಗೋಡೆಯ ಸ್ವಿಚ್ಚಿನಲ್ಲಿ ಆರಿಸಿ ಒಂದು ನಿಮಿಷ ಬಿಟ್ಟು ಹಾಕಿದರೆ ಸರಿಯಾಗುತ್ತದೆ, ಆದರೆ ಸ್ವಿಚ್ ಇರುವುದು ಟಿವಿಯ ಹಿಂದೆ. ರಿಸೀವರ್ ಕರೆಂಟ್ ಹೋದಾಗ ಹೇಗಿತ್ತೋ ಹಾಗೆಯೇ ಎದ್ದುಕೊಂಡಿತು, ಮೂಲದ ಹೆಸರೂ ವಾಲ್ಯೂಮೂ ಮೊದಲಿನಂತೆಯೇ.

ಆದರೆ ಅದು ಒಮ್ಮೆ ನಮ್ಮನ್ನು ಹೆದರಿಸಿದೆ. ಹಾಕಿದ ಎರಡು ಸೆಕೆಂಡಿಗೆ ತಾನೇ ಆರಿ ಕೆಂಪು ದೀಪ ಬೇಗ ಬೇಗ ಮಿನುಗತೊಡಗಿತು. ಕೈಪಿಡಿ ತೆಗೆದರೆ ನಿಧಾನ ಮಿನುಗಿದರೆ ಒಳಗೆ ಬಿಸಿಯಾಗಿದೆ, ಬೇಗ ಮಿನುಗಿದರೆ ಸ್ಪೀಕರ್ ತಂತಿಗಳು ಒಂದಕ್ಕೊಂದು ತಾಗಿವೆ ಎಂದಿತ್ತು. ಹಿಂದೆ ಟಾರ್ಚ್ ಹಾಕಿ ನೋಡಿದರೆ ಕೆಂಪು ಕೊಂಡಿಯಿಂದ ತಾಮ್ರದ ಒಂದೇ ಒಂದು ಎಳೆ ಹೊರಬಂದು ಕಪ್ಪು ಕೊಂಡಿಗೆ ತಾಗಿತ್ತು. ಕೂದಲಿನಷ್ಟು ತೆಳ್ಳಗಿನ ಎಳೆ. ಆ ದೀಪ ಹೇಳದಿದ್ದರೆ ಬಲವಂತವಾಗಿ ಮತ್ತೆ ಮತ್ತೆ ಹಾಕಿ ಯಂತ್ರವನ್ನೇ ಸುಟ್ಟುಕೊಳ್ಳುತ್ತಿದ್ದೆವು. ಇನ್ನೊಮ್ಮೆ ಮಗಳು ಪ್ಯೂರ್ ಡೈರೆಕ್ಟ್ ಗುಂಡಿ ಒತ್ತಿ ಪರದೆ ಪೂರ್ತಿ ಆರಿಹೋಯಿತು, ಹಾಡು ಮಾತ್ರ ನಡೆಯುತ್ತಿತ್ತು. ಧ್ವನಿಗೆ ಅಡ್ಡಿಯಾಗಬಾರದೆಂದು ಪರದೆಯನ್ನೂ ಆರಿಸುವ ಕ್ರಮ ಅದು. ಅದು ಗೊತ್ತಿಲ್ಲದವರಿಗೆ ಯಂತ್ರ ಸತ್ತಂತೆ ಕಾಣುತ್ತದೆ.

ರಾತ್ರಿ ಹತ್ತರ ಮೇಲೆ ಮಗಳು ಓದುವಾಗ ಸಿನಿಮಾ ನೋಡುವುದಕ್ಕೆ ಸೌಂಡ್‌ಬಾರ್ ಮತ್ತು ರಿಸೀವರ್ ಎರಡರಲ್ಲೂ ಜೋರು ಸದ್ದನ್ನು ತಗ್ಗಿಸಿ ಪಿಸುಮಾತನ್ನು ಏರಿಸುವ ಕ್ರಮವಿದೆ. ಕೆಲಸ ಎರಡರದೂ ಚೆನ್ನಾಗಿದೆ. ಬೆಳಗ್ಗೆ ಅದನ್ನು ತೆಗೆಯಲು ಮರೆತರೆ ಸಂಗೀತದ ಏರಿಳಿತವೆಲ್ಲ ಸಪ್ಪೆ. ರಿಸೀವರ್‌ನಲ್ಲಿ ಸ್ಟೇಟಸ್ ಗುಂಡಿ ಒತ್ತಿದರೆ ಕ್ರಮದ ಹೆಸರು ಬರುತ್ತದೆ. ಸೌಂಡ್‌ಬಾರ್‌ನಲ್ಲಿ ಈಗ ಹಾಕಿದೆಯೇ ತೆಗೆದಿದೆಯೇ ಎಂದು ತಿಳಿಯಲು ಅದನ್ನು ಬದಲಿಸಿಯೇ ನೋಡಬೇಕು.

ರಿಸೀವರ್‌ನ ದೊಡ್ಡ ಕೊರತೆ ಅಕ್ಷರದ ಗಾತ್ರ. ಅರ್ಧ ಅಂಗುಲವೂ ಇಲ್ಲ. ದಿವಾನದಿಂದ ನನಗೇ ಕಣ್ಣು ಕಿರಿದು ಮಾಡಬೇಕು, ಅತ್ತೆಯವರಿಗೆ ನೀಲಿಯ ಮಂಜು ಮಾತ್ರ. ಡಿಮ್ಮರ್‌ನಿಂದ ಬೆಳಕನ್ನು ಪೂರ್ತಿ ಏರಿಸಿಯೂ ನೋಡಿದೆ. ಮೂಲಗಳ ಹೆಸರನ್ನು ಬದಲಿಸುವ ಅವಕಾಶವಿದೆ ಎಂದು ಆಸೆಯಿಂದ ಹೋದರೆ ಇಂಗ್ಲಿಷ್ ಅಕ್ಷರಗಳು ಮಾತ್ರ. ಟಿವಿ ಕನ್ನಡ ಬರೆಯಬಲ್ಲದು, ಅದರ ಪಕ್ಕದ ಪೆಟ್ಟಿಗೆಗೆ ಬಾರದು.

ಹಾಗಾಗಿ ನಾನು ಆರಿಸಿದ್ದು ಒಂದನ್ನಲ್ಲ. ಹಾಲ್‌ನಲ್ಲಿ ರಿಸೀವರ್ ಉಳಿಯಿತು. ಅದರ ಎಡ ತಿರುಗುಗುಂಡಿಯ ಸುತ್ತ ಗೆರೆಗಳನ್ನು ಎಳೆಯಲಾಗಲಿಲ್ಲ, ಏಕೆಂದರೆ ಅದೂ ಕೊನೆಯಿಲ್ಲದೆ ಸುತ್ತುತ್ತದೆ. ಬದಲಿಗೆ ರಿಮೋಟ್‌ನ ಮೂರು ಗುಂಡಿಗಳ ಪಕ್ಕ ಕನ್ನಡದಲ್ಲಿ ಬರೆದು ಟೇಪು ಅಂಟಿಸಿದೆ, ಮಿಕ್ಕ ಗುಂಡಿಗಳನ್ನು ತೆಳು ರಟ್ಟಿನಿಂದ ಮುಚ್ಚಿದೆ. ಹಳೆಯ ಸೆಟ್‌ನ ಐದು ಸ್ಪೀಕರ್‌ಗಳಲ್ಲಿ ಎರಡನ್ನು ಮಾತ್ರ ಇಟ್ಟುಕೊಂಡು ಅತ್ತೆಯವರ ಕೋಣೆಗೆ ಹಾಕಿದೆ. ಅಲ್ಲಿ ಮಂಚದಿಂದ ಕೆಂಪು 100.6 ಕನ್ನಡಕವಿಲ್ಲದೆ ಕಾಣುತ್ತದೆ. ರಿಮೋಟ್‌ನ 5.1 ಗುಂಡಿಯ ಮೇಲೂ ರಟ್ಟು ಬಂದಿದೆ.

ನೀವು ಕೊಳ್ಳಲು ಹೊರಟಿದ್ದರೆ ಅಂಗಡಿಯಲ್ಲಿ ಹಾಡು ಹಾಕಿಸುವ ಮುಂಚೆ ಇಷ್ಟು ಮಾಡಿ. ಮನೆಯ ಸೋಫಾಗೂ ಟಿವಿಗೂ ಇರುವ ದೂರವನ್ನು ಅಳೆದುಕೊಂಡು ಹೋಗಿ, ಅಷ್ಟೇ ದೂರ ನಿಂತು ಪರದೆಯನ್ನು ಓದಿ. ಮನೆಯ ಹಿರಿಯರನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಕಣ್ಣು ಮುಚ್ಚಿ ಬೆರಳಿನಿಂದ ವಾಲ್ಯೂಮ್ ಗುಂಡಿ ಹುಡುಕಿ. ಮೇನ್ ಸ್ವಿಚ್ ಆರಿಸಿ ಹಾಕಿಸಿ, ಯಂತ್ರ ಮತ್ತೆ ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ. ಒಳಗೆ ಎಷ್ಟು ವಾಹಿನಿ ಬರುತ್ತಿದೆ ಎಂದು ಎಲ್ಲಿ ಕಾಣುತ್ತದೆ ಎಂದು ಕೇಳಿ.

ಸೌಂಡ್‌ಬಾರನ್ನು ಹೋದ ಭಾನುವಾರ ಭಾವನವರ ಮನೆಗೆ ಹಿಂದಿರುಗಿಸಿದೆವು. ಅವರ ಮನೆಯಲ್ಲಿ ಟಿವಿ ಬಿಟ್ಟು ಬೇರೇನೂ ಕೇಳುವುದಿಲ್ಲ, ಅವರಿಗೆ ಅದೇ ಸರಿ. ಬೊಟ್ಟುಗಳನ್ನು ಕೀಳಲಿಲ್ಲ. ಐದು ದೀಪಗಳ ಅರ್ಥವನ್ನು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ರಿಮೋಟ್ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.